ಬ್ಲೌಸ್ ಯಾವಾಗ ಸಿಗುತ್ತದೆ: ಕುಂಬಳೆಯ ಒಂದು ಹೊಲಿಗೆ ಅಂಗಡಿಯ ವೆಬ್‌ಸೈಟ್

ಕುಂಬಳೆ ಪೇಟೆಯಲ್ಲಿ, ಹೆದ್ದಾರಿಯ ಸರ್ವಿಸ್ ರಸ್ತೆಗೆ ತಾಗಿ, ಗಂಡ ಹೆಂಡತಿ ನಡೆಸುವ ಒಂದು ಹೊಲಿಗೆ ಅಂಗಡಿ ಉಂಟು. ಹೆಸರು ಹಾಕುವುದು ಬೇಡ ಎಂದಿದ್ದಾರೆ, ಹಾಗಾಗಿ ಇಲ್ಲಿ ಬರೆಯುವುದಿಲ್ಲ. ಹೆಂಡತಿಯೇ ಕಟಿಂಗ್ ಮಾಸ್ಟರ್. ಬ್ಲೌಸ್, ಚೂಡಿದಾರ್, ಮದುಮಗಳ ಬಟ್ಟೆ ಎಲ್ಲ ಅವರ ಕೈಯಲ್ಲಿ. ಗಂಡ ಪ್ಯಾಂಟು ಶರ್ಟು ನೋಡಿಕೊಳ್ಳುತ್ತಾರೆ. ಹುಕ್, ಫಾಲ್, ಪಿಕೋ ಕೆಲಸಕ್ಕೆ ಇಬ್ಬರು ಹುಡುಗಿಯರು ಬರುತ್ತಾರೆ.

ಗಿರಾಕಿಗಳು ಉಪ್ಪಳ, ಬಂದ್ಯೋಡು, ಸೀತಾಂಗೋಳಿ, ಬದಿಯಡ್ಕದವರು. ಅವರ ಜೊತೆಗೆ ದುಬೈ, ಶಾರ್ಜಾ, ದೋಹಾದಲ್ಲಿರುವ ಮನೆಯವರು. ಅವರು ಅಲ್ಲಿಂದಲೇ ಫೋಟೋ ಕಳಿಸಿ, "ಊರಿಗೆ ಬರುವಾಗ ರೆಡಿ ಇರಬೇಕು" ಎನ್ನುವವರು. ಅಂಗಡಿಯಲ್ಲಿ ಅರ್ಧ ಗಂಟೆ ಕೂತರೆ ಕನ್ನಡ, ತುಳು, ಮಲಯಾಳಂ, ಬ್ಯಾರಿ, ಕೊಂಕಣಿ ಎಲ್ಲ ಕಿವಿಗೆ ಬೀಳುತ್ತದೆ. ಕಾಸರಗೋಡು ಜಿಲ್ಲೆಯಲ್ಲಿ ಇದು ದಿನದ ಮಾತು.

ನಾನು ಸಣ್ಣ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುವವ. ಇವರ ಹಳೇ ಸೈಟನ್ನು ಬಿಟ್ಟು ಹೊಸದು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಟೈಲರ್ ಅಂಗಡಿಯ ವೆಬ್‌ಸೈಟ್ ಹೇಗಿರಬೇಕು ಎಂಬ ಪ್ರಶ್ನೆಗೆ ಉತ್ತರ ಹೆಚ್ಚಿನ ಕಡೆ ಒಂದೇ: ಒಳ್ಳೆ ಫೋಟೋ ಹಾಕಿ, ಚಂದದ ಬಣ್ಣ ಕೊಡಿ. ಇಲ್ಲಿ ಕೆಲಸಕ್ಕೆ ಬಂದದ್ದು ಬೇರೆ. ಅದನ್ನೇ ಬರೆಯುತ್ತಿದ್ದೇನೆ.

ಹಳೇ ಸೈಟಿನ ಕಥೆ

ಹಳೇ ಸೈಟನ್ನು ಯಾರೋ ರೆಡಿಮೇಡ್ ಬಟ್ಟೆ ಮಾರುವ ಟೆಂಪ್ಲೇಟ್‌ನಲ್ಲಿ ಮಾಡಿಕೊಟ್ಟಿದ್ದರು. ತೆರೆದ ಕೂಡಲೇ ಕೋಟು ಟೈ ಹಾಕಿದ ವಿದೇಶಿ ಗಂಡಸರ ಚಿತ್ರ, ಒಂದರ ಹಿಂದೆ ಒಂದು ಜಾರುತ್ತಾ ಬರುತ್ತದೆ. ಈ ಅಂಗಡಿಯಲ್ಲಿ ಕೋಟು ಹೊಲಿಯುವುದೇ ಇಲ್ಲ. ಮೂಲೆಯಲ್ಲಿ ಸಾಮಾನಿನ ಗಾಡಿಯ ಚಿಹ್ನೆ, ಯಾವಾಗ ನೋಡಿದರೂ ಸೊನ್ನೆ. ಅದಕ್ಕೆ ಹಾಕಲು ಸಾಮಾನೇ ಇಲ್ಲವಲ್ಲ. ಫೋನ್ ನಂಬರ್ ಬೇಕಾದರೆ ಕೆಳಗಿನ ತುದಿಯವರೆಗೆ ಇಳಿಯಬೇಕಿತ್ತು.

ಕನ್ನಡ ಪುಟವಂತೂ ಓದಲಿಕ್ಕೇ ಆಗುತ್ತಿರಲಿಲ್ಲ. ಬೋರ್ಡ್ ಬರೆಸಿದ ಡಿಟಿಪಿ ಅಂಗಡಿಯಿಂದ ನುಡಿ ಫಾಂಟಿನ ಫೈಲ್ ತಂದು, ಅದರಲ್ಲಿದ್ದದ್ದನ್ನು ಹಾಗೇ ಅಂಟಿಸಿದ್ದರು. ಆ ಹಳೇ ಎನ್‌ಕೋಡಿಂಗಿನಲ್ಲಿ (ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಗುರುತಿಸಿಡುವ ಕ್ರಮ) ಫಾಂಟ್ ಇದ್ದ ಕಂಪ್ಯೂಟರಿನಲ್ಲಿ ಮಾತ್ರ ಕನ್ನಡ ಕಾಣುತ್ತದೆ. ಫೋನಿನಲ್ಲಿ ಕಾಣುವುದು ಇಂಗ್ಲಿಷ್ ಅಕ್ಷರ, ಚುಕ್ಕೆ, ಚಿಹ್ನೆಗಳ ಕಲಸುಮೇಲೋಗರ. ಗೂಗಲ್‌ಗೆ ಕಾಣುವುದೂ ಅದೇ. "ಕುಂಬಳೆ ಟೈಲರ್" ಎಂದು ಕನ್ನಡದಲ್ಲಿ ಹುಡುಕಿದರೆ ಈ ಪುಟ ಸಿಗುವ ಪ್ರಶ್ನೆಯೇ ಇಲ್ಲ. ಎಲ್ಲ ಕಂಪ್ಯೂಟರು, ಫೋನಿಗೂ ಒಂದೇ ಆದ ಯೂನಿಕೋಡ್ ಎಂಬ ಕ್ರಮದಲ್ಲಿ ಕನ್ನಡ 1991ರಿಂದಲೇ ಇದೆ. ಆದರೂ ಡಿಟಿಪಿ ಅಂಗಡಿಗಳಿಂದ ಹಳೇ ಎನ್‌ಕೋಡಿಂಗಿನ ಫೈಲು ಇಂದಿಗೂ ಬರುತ್ತಲೇ ಇರುತ್ತದೆ.

ಇನ್ನೂ ಒಂದು ಗಂಟು ಇತ್ತು. ಡೊಮೈನ್, ಅಂದರೆ ಸೈಟಿನ ವಿಳಾಸ, ಇವರ ಹೆಸರಿನಲ್ಲಿ ಇರಲಿಲ್ಲ. ಮಾಡಿಕೊಟ್ಟವರು ತಮ್ಮದೇ ಇಮೇಲಿನಲ್ಲಿ ನೋಂದಾಯಿಸಿದ್ದರು. ಈಗ ಫೋನ್ ಎತ್ತುವುದಿಲ್ಲ. ಹಳೆಯದನ್ನು ಬಿಡಿಸಿಕೊಳ್ಳುವ ಗೋಜು ಬಿಟ್ಟು, ಹೊಸ ವಿಳಾಸವನ್ನು ಅಂಗಡಿಯ ಯಜಮಾನ್ತಿಯ ಹೆಸರು, ಇಮೇಲ್, ಕಾರ್ಡಿನಲ್ಲೇ ತೆಗೆದೆವು. ನನ್ನ ಇಮೇಲ್ ಎಲ್ಲಿಯೂ ಇಲ್ಲ. ವೆಬ್‌ಸೈಟ್ ಮಾಡಿಸುವವರು ಮೊದಲು ಕೇಳಬೇಕಾದ ಮಾತು ಇದು, ಬಣ್ಣ ಗಿಣ್ಣ ಆಮೇಲೆ.

ಫೋನಿನಲ್ಲಿ ಬರುವ ಪ್ರಶ್ನೆಗಳು

"ನಿಮಗೆ ಸೈಟ್ ಯಾಕೆ ಬೇಕು?" ಎಂದು ಕೇಳಿದ್ದಕ್ಕೆ ಯಜಮಾನ್ತಿ ಕೊಟ್ಟ ಉತ್ತರ: "ಗಿರಾಕಿ ಜಾಸ್ತಿ ಬರಬೇಕು ಅಂತ ಅಲ್ಲ ಮಾರಾಯ್ರೆ. ಇರುವವರಿಗೇ ಹೊಲಿದು ಮುಗಿಯುವುದಿಲ್ಲ. ಈ ಫೋನು ಸ್ವಲ್ಪ ಕಡಿಮೆಯಾದರೆ ಸಾಕು."

ಅವರು ಕತ್ತರಿ ಹಿಡಿದಾಗಲೇ ಫೋನ್ ಬರುತ್ತದೆ. ಸೀಮೆಸುಣ್ಣದ ಗೆರೆ ಅರ್ಧಕ್ಕೆ ನಿಲ್ಲುತ್ತದೆ. ಮಾತು ಮುಗಿಸಿ ಬರುವಷ್ಟರಲ್ಲಿ ಎಡದ ಕೈಯೋ ಬಲದ ಕೈಯೋ ಎಂದು ಮತ್ತೆ ನೋಡಬೇಕು. ಕತ್ತರಿಸಿದ ರೇಷ್ಮೆಯನ್ನು ಮತ್ತೆ ಜೋಡಿಸಲಿಕ್ಕೆ ಆಗುವುದಿಲ್ಲವಲ್ಲ.

ಹಾಗಾಗಿ ಡಿಸೈನಿಗೆ ಕೈ ಹಾಕುವ ಮೊದಲು, ಫೋನಿನಲ್ಲಿ ಜನ ಏನು ಕೇಳುತ್ತಾರೆ ಎಂದು ಅಳತೆ ಪುಸ್ತಕದ ಹಿಂದಿನ ಪುಟದಲ್ಲಿ ಗೆರೆ ಹಾಕುತ್ತಾ ಹೋಗಿ ಎಂದೆ. ತುಂಬಾ ಉದ್ದ ಆದದ್ದು ಒಂದೇ ಸಾಲು: ಈಗ ಕೊಟ್ಟರೆ ಯಾವಾಗ ಸಿಗುತ್ತದೆ? ಅದರ ತಮ್ಮನ ಹಾಗೆ ಇನ್ನೊಂದು: ನಾನು ಕೊಟ್ಟದ್ದು ಆಯಿತಾ? ಆಮೇಲೆ ರೇಟು. ಆಮೇಲೆ "ಅಳತೆ ಹೇಗೆ ಕಳಿಸುವುದು", "ಅಂಗಡಿ ಎಲ್ಲಿ", "ಈ ಫೋಟೋದಲ್ಲಿ ಇದ್ದ ಹಾಗೆ ಹೊಲಿಯುತ್ತೀರಾ". ಅಂಗಡಿಯ ಇತಿಹಾಸ, ಧ್ಯೇಯ, ದೃಷ್ಟಿಕೋನ ಯಾರೂ ಕೇಳಲಿಲ್ಲ. ಹಳೇ ಸೈಟಿನ ಮೊದಲ ಪುಟದಲ್ಲಿ ಇದ್ದದ್ದು ಅದೇ ಮೂರು.

ರೆಡಿಮೇಡ್ ಅಂಗಡಿಗೆ ಹೋದವರು ಬಟ್ಟೆ ನೋಡುತ್ತಾರೆ, ತಗೊಳ್ಳುತ್ತಾರೆ. ಟೈಲರ್ ಹತ್ತಿರ ಬರುವವರ ಕೈಯಲ್ಲಿ ಬಟ್ಟೆ ಆಗಲೇ ಇರುತ್ತದೆ. ಅವರಿಗೆ ಬೇಕಾದದ್ದು ಒಂದು ತಾರೀಕು, ಮತ್ತೆ ಮೈಗೆ ಸರಿಯಾಗಿ ಕೂರುವುದು. ನನ್ನ ಮಟ್ಟಿಗೆ ಈ ಎರಡಕ್ಕೆ ಉತ್ತರ ಕೊಡದ ಟೈಲರ್ ವೆಬ್‌ಸೈಟ್ ಎಷ್ಟು ಚಂದ ಇದ್ದರೂ ಸುಮ್ನೆ.

ತಾರೀಕಿನ ಸಾಲು

ಹೊಸ ಸೈಟ್ ತೆರೆದರೆ ಮೊದಲು ಕಾಣುವುದು ಅಂಗಡಿಯ ಹೆಸರು. ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ ಎರಡೇ ಸಾಲು: ಇವತ್ತು ಕೊಟ್ಟ ಸಾದಾ ಬ್ಲೌಸ್ ಯಾವ ತಾರೀಕಿಗೆ, ಮದುವೆ ಬ್ಲೌಸ್ ಯಾವ ತಾರೀಕಿಗೆ. ಅದರ ಕೆಳಗೆ ಫೋನ್ ಮತ್ತು ವಾಟ್ಸಾಪ್ ಬಟನ್. ಇಷ್ಟು ಫೋನಿನ ಮೊದಲ ಪರದೆಯಲ್ಲೇ ಮುಗಿಯುತ್ತದೆ.

ಈ ಸಾಲನ್ನು ಬದಲಿಸಲು ಅವರು ನನಗೆ ಫೋನ್ ಮಾಡಬೇಕಾಗಿಲ್ಲ. ಅವರ ಫೋನಿನಲ್ಲಿ ಒಂದು ಗೂಗಲ್ ಶೀಟ್ ಇದೆ, ಅದರಲ್ಲಿ ಎರಡು ಚೌಕ. ಅಲ್ಲಿ ತಾರೀಕು ಬದಲಿಸಿದರೆ ಸೈಟಿನಲ್ಲಿ ಬದಲಾಗುತ್ತದೆ. ರಾತ್ರಿ ಬಾಗಿಲು ಎಳೆಯುವ ಮೊದಲು ಮಾಡುವ ಕೆಲಸ.

ಆದರೆ ಮನುಷ್ಯರು ಮರೆಯುತ್ತಾರೆ. ಹಳೇ ತಾರೀಕು ಹಾಗೇ ಉಳಿದರೆ ಏನೂ ಹಾಕದೇ ಇರುವುದಕ್ಕಿಂತ ಕೆಟ್ಟದು, ಯಾಕೆಂದರೆ ಗಿರಾಕಿ ಅದನ್ನು ತೋರಿಸಿ ಜಗಳ ಮಾಡಬಹುದು. ಅದಕ್ಕೆ ಎರಡು ಕಟ್ಟುಪಾಡು ಮಾಡಿದೆ. ಸಾಲಿನ ಪಕ್ಕದಲ್ಲಿ "ಬರೆದದ್ದು ಇಂಥ ದಿನ" ಎಂದು ಸಣ್ಣದಾಗಿ ಕಾಣುತ್ತದೆ. ಒಂದು ವಾರ ಯಾರೂ ಮುಟ್ಟದಿದ್ದರೆ ತಾರೀಕು ತಾನೇ ಮಾಯವಾಗಿ, "ದಿನಾಂಕಕ್ಕೆ ಅಂಗಡಿಗೆ ಫೋನ್ ಮಾಡಿ" ಎಂದು ಬರುತ್ತದೆ.

ನಮ್ಮೂರಿನ ಕ್ಯಾಲೆಂಡರ್ ಗೊತ್ತಿಲ್ಲದಿದ್ದರೆ ಈ ಸಾಲು ಬರೆಯಲಿಕ್ಕೂ ಆಗುವುದಿಲ್ಲ. ಕೇರಳದಲ್ಲಿ ಶಾಲೆ ಜೂನ್ ಒಂದರ ಹೊತ್ತಿಗೆ ತೆರೆಯುತ್ತದೆ, ಹಾಗಾಗಿ ಮೇ ಪೂರಾ ಯೂನಿಫಾರ್ಮ್ ರಾಶಿ. ಆಟಿ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಮದುವೆ ಇಲ್ಲ, ಕೈ ಸ್ವಲ್ಪ ಖಾಲಿ. ಆಟಿ ಕಳೆದರೆ ಓಣಂ, ಚೌತಿ, ನವರಾತ್ರಿ, ದೀಪಾವಳಿ ಎಂದು ಸಾಲುಗಟ್ಟಿ ಬರುತ್ತವೆ. ಜನವರಿಯಲ್ಲಿ ಕುಂಬಳೆ ಗೋಪಾಲಕೃಷ್ಣ ದೇವಸ್ಥಾನದ ಜಾತ್ರೆ, ಬೆಡಿ (ಸುಡುಮದ್ದು). ರಂಜಾನ್ ಹಬ್ಬ ಮತ್ತು ಬಕ್ರೀದ್ ಚಂದ್ರನನ್ನು ಅನುಸರಿಸುತ್ತವೆ, ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಬರುತ್ತಾ ಹೋಗುತ್ತವೆ. ಗಲ್ಫಿನವರು ಊರಿಗೆ ಬರುವುದು ಅಲ್ಲಿನ ಶಾಲೆಗಳ ರಜೆಯಲ್ಲಿ, ಅಂದರೆ ಸರಿಯಾಗಿ ಜುಲೈ, ಆಗಸ್ಟ್. ಇದಕ್ಕಾಗಿ "ಹಬ್ಬಕ್ಕೆ ಯಾವಾಗ ಕೊಡಬೇಕು" ಎಂಬ ಸಣ್ಣ ಪುಟ ಬೇರೆಯೇ ಮಾಡಿದೆವು. ಪ್ರತಿ ಹಬ್ಬದ ಎದುರಿಗೆ ಬಟ್ಟೆ ತಗೊಳ್ಳುವ ಕೊನೆಯ ದಿನ. ಅದರಾಚೆ ಬಂದರೆ ಅರ್ಜೆಂಟ್ ಕೂಲಿ, ಅದೂ ಆಗುವುದಿದ್ದರೆ ಮಾತ್ರ. ನಾವು ಸೈಟ್ ಕೆಲಸ ಮಾಡಿದ್ದೂ ಆಟಿಯಲ್ಲೇ. ಬೇರೆ ಸಮಯದಲ್ಲಿ ಅವರಿಗೆ ಕೂತು ಮಾತಾಡಲಿಕ್ಕೆ ಪುರುಸೊತ್ತು ಎಲ್ಲಿದೆ?

36 ಎಂದರೆ ಯಾವ 36?

ಈ ಕೆಲಸದಲ್ಲಿ ಹೆಚ್ಚು ತಲೆ ತಿಂದದ್ದು ಅಳತೆಯ ಪುಟ.

ಅವರಿಗೆ ಸೈಟ್ ಬೇಕು ಅನ್ನಿಸಿದ್ದಕ್ಕೆ ಒಂದು ಕಾರಣ ಗಲ್ಫಿನಿಂದ ಬಂದ ಒಂದು ಆರ್ಡರ್. ವಾಟ್ಸಾಪಿನಲ್ಲಿ ಅಳತೆ ಬಂತು: ಎದೆ 36, ಸೊಂಟ 32, ಕೈ 10. ಇವರು ಅದನ್ನು ಮೈ ಅಳತೆ ಎಂದುಕೊಂಡು, ಉಸಿರಾಡಲು, ಕೈ ಎತ್ತಲು ಬೇಕಾದ ಸಡಿಲ ಸೇರಿಸಿ ಕತ್ತರಿಸಿದರು. ಗಿರಾಕಿ ಕಳಿಸಿದ್ದು ಬ್ಲೌಸಿನ ಅಳತೆ, ಸಡಿಲ ಅದರಲ್ಲಿ ಆಗಲೇ ಇತ್ತು. ಬ್ಲೌಸ್ ದೊಗಳೆಯಾಯಿತು. ದೊಗಳೆಯಾದ್ದರಿಂದ ಬಿಗಿ ಮಾಡಿ ಸರಿಪಡಿಸಿದರು. ಅದೇ ಉಲ್ಟಾ ಆಗಿ ಬಿಗಿಯಾಗಿದ್ದರೆ ಒಳಗೆ ಬಿಟ್ಟ ಮಾರ್ಜಿನ್ ಬಟ್ಟೆ ಎಷ್ಟಿದೆಯೋ ಅಷ್ಟೇ ಗತಿ.

ಹಾಗಾಗಿ ಹೊಸ ಪುಟದ ಮೊದಲ ಪ್ರಶ್ನೆಯೇ: ಇದು ಮೈ ಅಳತೆಯೋ, ಬ್ಲೌಸ್ ಅಳತೆಯೋ? ಅದಕ್ಕೆ ಉತ್ತರ ಕೊಡದೆ ಮುಂದೆ ಹೋಗಲು ಬಿಡುವುದಿಲ್ಲ.

ಅದಕ್ಕೂ ಮೇಲೆ, ದಪ್ಪ ಅಕ್ಷರದಲ್ಲಿ ಒಂದು ಸಲಹೆ ಇದೆ: ಸರಿಯಾಗಿ ಕೂರುವ ಒಂದು ಅಳತೆ ಬ್ಲೌಸ್ ಬಟ್ಟೆಯ ಜೊತೆ ಕಳಿಸಿ. ಫಾರ್ಮ್ ಎಷ್ಟೇ ಚೆನ್ನಾಗಿದ್ದರೂ ಅಳತೆ ಬ್ಲೌಸಿನ ಎದುರು ನಿಲ್ಲುವುದಿಲ್ಲ. ಬೆನ್ನು ಸ್ವಲ್ಪ ಬಾಗಿದೆಯೋ, ಒಂದು ಹೆಗಲು ಇಳಿದಿದೆಯೋ, ಡಾರ್ಟ್ (ಆಕಾರಕ್ಕಾಗಿ ಮಡಚಿ ಹಾಕುವ ಹೊಲಿಗೆ) ಎಲ್ಲಿ ಕೊನೆಯಾಗಬೇಕು, ಇದೆಲ್ಲ ಹಳೇ ಬ್ಲೌಸ್ ತಾನೇ ಹೇಳುತ್ತದೆ. ಅದು ಸಾಧ್ಯವಿಲ್ಲದವರು ಮಾತ್ರ ಫಾರ್ಮ್ ತುಂಬಲಿ.

ಫಾರ್ಮ್ ಎಂದಾಗ ಒಂದು ಸಣ್ಣ ತೊಡಕು ಬಂತು. ವೆಬ್ ಫಾರ್ಮಿನಲ್ಲಿ ಸಂಖ್ಯೆಯ ಚೌಕ ಇಟ್ಟರೆ, ಬೇರೆ ಏನೂ ಹೇಳದಿದ್ದರೆ, ಅದು ಪೂರ್ಣ ಸಂಖ್ಯೆಯನ್ನು ಮಾತ್ರ ಒಪ್ಪುತ್ತದೆ. 14.5 ಎಂದು ಹಾಕಿದರೆ 14 ಅಥವಾ 15 ಹಾಕಿ ಎನ್ನುತ್ತದೆ. ಟೈಲರ್ ಕೆಲಸದಲ್ಲಿ ಆ ಅರ್ಧ ಇಂಚಿಗೇ ಅಲ್ವಾ ಬೆಲೆ? ಚುಕ್ಕೆಯ ಸಂಖ್ಯೆಗೂ ಅವಕಾಶ ಕೊಟ್ಟರೆ ಇನ್ನೊಂದು ತೊಡಕು. ಪರೀಕ್ಷೆಗೆ ಕೊಟ್ಟಾಗ ಒಬ್ಬರು 14.4 ಎಂದು ಬರೆದರು. ಟೇಪಿನಲ್ಲಿ ಒಂದು ಇಂಚಿಗೆ ಎಂಟು ಭಾಗ, ಅವರು 14 ದಾಟಿ ನಾಲ್ಕು ಗೆರೆ ಎಣಿಸಿದ್ದರು. ಅಂದರೆ 14 ಅರೆ. ಕಂಪ್ಯೂಟರಿಗೆ ಅದು 14 ಅರೆಗಿಂತ ಕಡಿಮೆ. ಕೊನೆಗೆ ಚುಕ್ಕೆಯ ಸಹವಾಸವೇ ಬೇಡ ಎಂದು ಎರಡು ಪಟ್ಟಿ ಇಟ್ಟೆ: ಒಂದರಲ್ಲಿ ಇಂಚು, ಪಕ್ಕದಲ್ಲಿ ಪೂರ್ತಿ, ಕಾಲು, ಅರೆ, ಮುಕ್ಕಾಲು. ಅಂಗಡಿಯಲ್ಲಿ ಬಾಯಲ್ಲಿ ಹೇಳುವುದೂ ಹಾಗೇ. ಸೆಂಟಿಮೀಟರಿನಲ್ಲಿ ಅಳೆದವರಿಗೆ ಬೇರೆ ಗುಂಡಿ, 2.54ರಿಂದ ಭಾಗಿಸಿ ಹತ್ತಿರದ ಕಾಲು ಇಂಚಿಗೆ ತರುತ್ತದೆ.

ಎಲ್ಲಿ ಅಳೆಯಬೇಕು ಎಂದು ತೋರಿಸಲು ಚಿತ್ರ ಬೇಕಿತ್ತು. ಇಂಟರ್ನೆಟ್ಟಿನಲ್ಲಿ ಸಿಗುವ ಚಿತ್ರಗಳಲ್ಲಿ ವಿದೇಶಿ ಉಡುಪು, ನಮ್ಮ ಬ್ಲೌಸಿನ ಕಂಕುಳ ಸುತ್ತು, ಹಿಂದಿನ ಕುತ್ತಿಗೆಯ ಆಳ, ಕೈಯ ಬಾಯಿ ಇಲ್ಲ. ಅಂಗಡಿಯದೇ ಒಂದು ತಿಳಿಬಣ್ಣದ ಬ್ಲೌಸನ್ನು ಮೇಜಿನ ಮೇಲೆ ಚಪ್ಪಟೆ ಹರಡಿ, ಹುಕ್ ಹಾಕಿ, ಮೇಲೆ ಕೆಂಪು ಟೇಪ್ ಇಟ್ಟು, ಒಂದೊಂದು ಅಳತೆಗೂ ಒಂದೊಂದು ಫೋಟೋ ತೆಗೆದೆವು. ಎದೆಯ ಅಳತೆಯ ಫೋಟೋದಲ್ಲಿ ಟೇಪ್ ಒಂದು ಕಂಕುಳ ಹೊಲಿಗೆಯಿಂದ ಇನ್ನೊಂದರವರೆಗೆ. ಕೆಳಗೆ "ಇದನ್ನು ಎರಡರಿಂದ ಗುಣಿಸಬೇಡಿ, ನಾವು ಮಾಡಿಕೊಳ್ಳುತ್ತೇವೆ" ಎಂಬ ಸೂಚನೆ. ಕೆಲವರು ಗುಣಿಸಿ, ಕೆಲವರು ಗುಣಿಸದೆ ಕಳಿಸಿದರೆ ಮತ್ತೆ ಫೋನೇ ಗತಿ.

ಅಳತೆ ಪುಸ್ತಕ ಪೂರ್ತಿ ಸೈಟಿಗೆ ಹಾಕಿ, ಗಿರಾಕಿಗಳು ನಂಬರ್ ಒತ್ತಿ ನೋಡಲಿ ಎಂಬ ಆಸೆ ಅವರಿಗಿತ್ತು. ನಾನು ಒಪ್ಪಲಿಲ್ಲ. ಊರ ಹೆಂಗಸರ ಹೆಸರು, ಫೋನ್, ಮೈ ಅಳತೆ ಒಂದೇ ಕಡೆ ಇಂಟರ್ನೆಟ್ಟಿನಲ್ಲಿ ಇಡುವುದೆಂದರೆ ಸಣ್ಣ ಮಾತಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇರಲಿ ಇಲ್ಲದಿರಲಿ, ಇದು ಮರ್ಯಾದೆಯ ಪ್ರಶ್ನೆ. ಬದಲಿಗೆ ಅಳತೆ ಪುಸ್ತಕದ ಪುಟ ನಂಬರನ್ನು ಬಿಲ್ಲಿನಲ್ಲಿ ಬರೆದು ಕೊಡುತ್ತಾರೆ. ಎರಡನೇ ಸಲ ಫಾರ್ಮಿನಲ್ಲಿ ಆ ನಂಬರ್ ಮತ್ತು "ಅಳತೆ ತೆಗೆದ ಮೇಲೆ ಮೈ ಬದಲಾಗಿದೆಯಾ" ಎಂಬುದಕ್ಕೆ ಹೌದು, ಇಲ್ಲ, ಇಷ್ಟೇ ಸಾಕು. ಪುಸ್ತಕ ಡ್ರಾಯರಿನಲ್ಲೇ ಇದೆ.

ಮೂರು ಭಾಷೆ

ಸೈಟ್ ಕನ್ನಡ, ಮಲಯಾಳಂ, ಇಂಗ್ಲಿಷ್ ಮೂರರಲ್ಲೂ ಇದೆ. ಒಂದೊಂದು ಭಾಷೆಗೂ ಬೇರೆ ಬೇರೆ ವಿಳಾಸದ ಪುಟ, ಮೇಲೆ ಆಯಾ ಲಿಪಿಯಲ್ಲೇ ಬರೆದ ಬಟನ್. ನೋಡುವವರು ಎಲ್ಲಿದ್ದಾರೆ ಎಂದು ಕಂಡುಹಿಡಿದು ಭಾಷೆಯನ್ನು ತಾನೇ ಆರಿಸುವ ಸೌಲಭ್ಯ ಟೆಂಪ್ಲೇಟಿನಲ್ಲಿ ಇತ್ತು, ತೆಗೆದು ಹಾಕಿದೆ. ಅದರ ಲೆಕ್ಕದಲ್ಲಿ ಕುಂಬಳೆ ಕೇರಳ, ಹಾಗಾಗಿ ಎಲ್ಲರಿಗೂ ಮಲಯಾಳಂ. ಬದಿಯಡ್ಕದ ಕನ್ನಡ ಮೀಡಿಯಂ ಶಾಲೆಯಲ್ಲಿ ಓದಿದವರಿಗೆ ಮಲಯಾಳಂ ಪುಟ, ಶಾರ್ಜಾದಲ್ಲಿ ಕೂತ ಅವರ ತಮ್ಮನಿಗೆ ಇಂಗ್ಲಿಷ್ ಪುಟ. ಗಡಿನಾಡಿನಲ್ಲಿ ಭಾಷೆಯನ್ನು ನಕ್ಷೆ ನೋಡಿ ಹೇಳುವ ಕೆಲಸ 1956ರಲ್ಲಿ, ರಾಜ್ಯಗಳನ್ನು ವಿಂಗಡಿಸಿ ಕಾಸರಗೋಡನ್ನು ಕೇರಳಕ್ಕೆ ಸೇರಿಸಿದಾಗ, ಒಮ್ಮೆ ಆಗಿದೆ, ಸಾಕು.

ಅಕ್ಷರಕ್ಕೆ ನೋಟೋ ಸಾನ್ಸ್ ಕನ್ನಡ, ಮಲಯಾಳಂಗೆ ಮಂಜರಿ. ಎರಡೂ ಉಚಿತ. ಇಂಗ್ಲಿಷಿಗೆಂದು ಮಾಡಿದ ಬಟನ್ನುಗಳ ಎತ್ತರ ಸಾಲದೆ "ಬ್ಲೌಸ್" ಎಂಬಲ್ಲಿ ಒತ್ತಕ್ಷರದ ಕಾಲು ಕತ್ತರಿಸಿ ಹೋಗುತ್ತಿತ್ತು. ಸಾಲಿನ ಎತ್ತರ ಹೆಚ್ಚಿಸಿದ ಮೇಲೆ ಸರಿಯಾಯಿತು.

ಫೋಟೋ, ರೇಟು, ದಾರಿ

ಫೋಟೋಗಳ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಟ್ಯೂಬ್‌ಲೈಟಿನಲ್ಲಿ ಬಣ್ಣ ಬೇರೆ ಕಾಣುತ್ತದೆ, ಬಾಗಿಲ ಹತ್ತಿರ ಹಗಲಿನ ಬೆಳಕಿನಲ್ಲಿ ತೆಗೆಯಿರಿ. ಫೋನಿನ ಫೋಟೋ ನಾಲ್ಕೈದು ಎಂಬಿ ಇರುತ್ತದೆ, ವೆಬ್‌ಪಿ ಎಂಬ ಹಗುರ ಚಿತ್ರದ ಮಾದರಿಗೆ ಬದಲಿಸಿ ಚಿಕ್ಕದು ಮಾಡಿದರೆ ನೂರಿನ್ನೂರು ಕೆಬಿಗೆ ಇಳಿಯುತ್ತದೆ. ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಂಡರೆ ಗೂಗಲ್ ಅದನ್ನು ಒಳ್ಳೆಯದು ಎನ್ನುತ್ತದೆ. ಒಳನಾಡಿನಲ್ಲಿ ಗುಡ್ಡದ ಮರೆಯಲ್ಲಿ ಸಿಗ್ನಲ್ ಹುಡುಕುವವರಿಗೆ ಇದು ಮುಖ್ಯ. ಗಿರಾಕಿಗಳ ಬೆನ್ನಿನ ಫೋಟೋ ಒಂದೂ ಇಲ್ಲ, ಎಲ್ಲ ಡಮ್ಮಿ ಬೊಂಬೆಯ ಮೇಲೆ. ಮದುಮಗಳ ಮನೆಯವರು ಇವತ್ತು ಒಪ್ಪಿ ನಾಳೆ ಬೇಡ ಎಂದರೆ ಯಾರಿಗೆ ಬೇಕು ಆ ಜಂಜಾಟ?

ಒಂದು ಫೋಟೋ ಮಾತ್ರ ವಿಶೇಷ. ಬ್ಲೌಸನ್ನು ಒಳಗು ಹೊರಗು ಮಾಡಿ ತೆಗೆದದ್ದು. ಲೈನಿಂಗ್ ಹೇಗೆ ಕೂತಿದೆ, ಅಂಚಿಗೆ ಓವರ್‌ಲಾಕ್ ಆಗಿದೆಯಾ, ಪಕ್ಕದಲ್ಲಿ ಎಷ್ಟು ಬಟ್ಟೆ ಬಿಟ್ಟಿದ್ದಾರೆ, ಎಲ್ಲ ಕಾಣುತ್ತದೆ. ಹೊಲಿಗೆ ಗೊತ್ತಿರುವ ಹೆಂಗಸರು ಮೊದಲು ನೋಡುವುದು ಒಳಗನ್ನೇ. ಈ ಫೋಟೋ ಹಾಕುವ ಯೋಚನೆ ಅವರದ್ದು, ನನ್ನದಲ್ಲ.

ರೇಟು ಹಾಕಲು ಅವರಿಗೆ ಮನಸ್ಸಿರಲಿಲ್ಲ. ಪಕ್ಕದ ಅಂಗಡಿಯವರು ನೋಡಿ ಐದು ರೂಪಾಯಿ ಕಡಿಮೆ ಮಾಡುತ್ತಾರೆ ಎಂಬ ಹೆದರಿಕೆ. ಪಕ್ಕದ ಅಂಗಡಿಯವರಿಗೆ ಈಗಲೂ ಗೊತ್ತುಂಟಲ್ಲ ಎಂದೆ. ಕೊನೆಗೆ "ಇಷ್ಟರಿಂದ ಶುರು" ಎಂದು ಹಾಕಿ, ಕೂಲಿ ಯಾವುದರಿಂದ ಏರುತ್ತದೆ ಎಂದು ಬರೆದೆವು: ಲೈನಿಂಗ್, ಪ್ರಿನ್ಸೆಸ್ ಕಟ್, ಪ್ಯಾಡ್, ಪೈಪಿಂಗ್, ಡೋರಿ, ಆರಿ ಕೆಲಸ. ಆಲ್ಟ್ರೇಷನ್ ಎಷ್ಟು ದಿನದೊಳಗೆ ಉಚಿತ, ಆಮೇಲೆ ಎಷ್ಟು ಎಂಬುದೂ ಅಲ್ಲೇ. ಬೇರೆ ಸೈಟಿನಿಂದ ತಂದ ಫೋಟೋದ ಹಾಗೆ ಹೊಲಿಯಬೇಕೆಂದರೆ "ಬಟ್ಟೆ ನೋಡಿದ ಮೇಲೆ ಹೇಳುತ್ತೇವೆ" ಎಂದು ನೇರವಾಗಿ ಬರೆದಿದೆ. ಜಾರ್ಜೆಟ್‌ನಲ್ಲಿ ತೆಗೆದ ಫೋಟೋ ತಂದು ಕೈಮಗ್ಗದ ಕಾಸರಗೋಡು ಸೀರೆಯ ಹತ್ತಿಯಲ್ಲಿ ಅದೇ ಇಳಿಬೀಳು ಬೇಕೆಂದರೆ ಬರುವುದಿಲ್ಲ.

ದಾರಿಯ ವಿಷಯ ಚಿಕ್ಕದು, ಪೆಟ್ಟು ದೊಡ್ಡದು. ಗೂಗಲ್ ಮ್ಯಾಪಿನಲ್ಲಿ ಅಂಗಡಿಯ ಗುರುತು ಹೆದ್ದಾರಿಯ ಆಚೆ ಬದಿಗಿತ್ತು. ಮೊದಲು ಹಾಗಿದ್ದರೂ ನಡೆಯುತ್ತಿತ್ತು, ರಸ್ತೆ ದಾಟಿದರೆ ಆಯಿತು. ಆರು ಪಥ ಆದ ಮೇಲೆ ಹಾಗಲ್ಲ. ತಪ್ಪು ಬದಿಗೆ ಬಂದ ಕಾರು ಅಂಡರ್‌ಪಾಸ್ ಹುಡುಕಿ ತಿರುಗಿ ಬರಬೇಕು. ಗುರುತನ್ನು ಸರಿ ಮಾಡಿ, ಯಾವ ಸರ್ವಿಸ್ ರಸ್ತೆಗೆ ಇಳಿಯಬೇಕು ಎಂದು ಮಂಗಳೂರು ಕಡೆಯಿಂದ ಬರುವವರಿಗೆ ಒಂದು ಸಾಲು, ಕಾಸರಗೋಡು ಕಡೆಯಿಂದ ಬರುವವರಿಗೆ ಒಂದು ಸಾಲು, ರೈಲಿನಲ್ಲಿ ಬರುವವರಿಗೆ ಒಂದು ಸಾಲು ಬರೆದೆವು.

ಮುಂಗಡಕ್ಕೆ ಯುಪಿಐ. ಗಲ್ಫಿನವರು "ನಮಗೆ ಆಗುವುದಿಲ್ಲ" ಎನ್ನುತ್ತಿದ್ದರು. 2023ರ ಜನವರಿಯಲ್ಲಿ ಯುಎಇ, ಸೌದಿ, ಕತಾರ್, ಒಮಾನ್ ಸೇರಿ ಹತ್ತು ದೇಶಗಳ ಮೊಬೈಲ್ ನಂಬರಿಗೆ ಎನ್‌ಆರ್‌ಇ, ಎನ್‌ಆರ್‌ಓ ಖಾತೆ (ಅನಿವಾಸಿ ಭಾರತೀಯರ ಬ್ಯಾಂಕ್ ಖಾತೆ) ಜೋಡಿಸಿ ಯುಪಿಐ ಬಳಸಲು, ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ ದಾರಿ ಮಾಡಿಕೊಟ್ಟಿದೆ. ಬ್ಯಾಂಕಿನಲ್ಲಿ ವಿಚಾರಿಸಿ ಎಂಬ ಮಾತಿನ ಜೊತೆ ಅದನ್ನೂ ಸೇರಿಸಿದೆವು.

ಏನಾಯಿತು

ಒಂದು ಭಾಗ ನಡೆಯಲೇ ಇಲ್ಲ. ಅಳತೆ ಕೊಡಲು ಸಮಯ ಬುಕ್ ಮಾಡುವ ಕ್ಯಾಲೆಂಡರ್ ಇಟ್ಟಿದ್ದೆವು. ಬದಿಯಡ್ಕದಿಂದ ಬರುವವರು ಬಸ್ಸು ಸಿಕ್ಕಾಗ ಬರುತ್ತಾರೆ. ಪೇಟೆಗೆ ಬಂದವರು ಮೀನು ತರಕಾರಿ ಮುಗಿಸಿ ಬರುತ್ತಾರೆ. ಹನ್ನೊಂದೂಕಾಲಕ್ಕೆ ಬನ್ನಿ ಎಂದರೆ ಯಾರು ಬರುತ್ತಾರೆ? ಅದನ್ನು ತೆಗೆದೆವು.

ಫೋನು ನಿಂತಿಲ್ಲ, ನಿಲ್ಲುವುದೂ ಇಲ್ಲ. ಆದರೆ ಮಾತು ಬದಲಾಗಿದೆ ಎನ್ನುತ್ತಾರೆ. "ಯಾವಾಗ ಸಿಗುತ್ತದೆ" ಬದಲು "ಸೈಟಿನಲ್ಲಿ ಹದಿನೆಂಟು ಅಂತ ಉಂಟು, ಹದಿನಾರಕ್ಕೆ ಆಗುತ್ತದಾ" ಎಂದು ಕೇಳುತ್ತಾರೆ. ಚೌಕಾಸಿ ತಾರೀಕಿಗೆ ದಾಟಿದೆ ಅಷ್ಟೇ. ಗಲ್ಫಿನ ಆರ್ಡರುಗಳಲ್ಲಿ ಅಳತೆ ಬ್ಲೌಸ್ ಕಳಿಸುವವರು ಜಾಸ್ತಿಯಾಗಿದ್ದಾರೆ, ಊರಿಗೆ ಬರುವ ಯಾರದ್ದೋ ಕೈಯಲ್ಲಿ ಕೊಟ್ಟು ಕಳಿಸುತ್ತಾರೆ. "ನಾನು ಕೊಟ್ಟದ್ದು ಆಯಿತಾ" ಎಂಬ ಪ್ರಶ್ನೆಗೆ ಮಾತ್ರ ಸೈಟಿನಲ್ಲಿ ಉತ್ತರ ಇಲ್ಲ. ಒಂದೊಂದು ಬಿಲ್ಲಿನ ಸ್ಥಿತಿಯನ್ನು ದಿನಾ ಬರೆಯುವಷ್ಟು ಕೈ ಆ ಅಂಗಡಿಯಲ್ಲಿ ಇಲ್ಲ. ಬಟ್ಟೆ ಆದಾಗ ಹುಡುಗಿಯರಲ್ಲಿ ಒಬ್ಬಳು ವಾಟ್ಸಾಪ್ ಮಾಡುತ್ತಾಳೆ, ಆ ವ್ಯವಸ್ಥೆ ಚೆನ್ನಾಗಿಯೇ ಇದೆ, ಮುಟ್ಟಲಿಲ್ಲ.

ಬಾಕಿ ಉಳಿದದ್ದು ಯೂನಿಫಾರ್ಮ್ ಪುಟ. ಒಂದೊಂದು ಶಾಲೆಯ ಬಣ್ಣ, ಚೌಕುಳಿ, ಪಿನಾಫೋರಿನ ಮಡಿಕೆ ಎಷ್ಟು ಎಂಬುದೆಲ್ಲ ಗಂಡನ ತಲೆಯಲ್ಲಿದೆ, ಬರೆದು ಕೊಡಲು ಪುರುಸೊತ್ತಿಲ್ಲ. ಏಪ್ರಿಲ್ ಒಳಗೆ ಆಗಬೇಕು ಎಂದು ಹೇಳಿ ಬಂದಿದ್ದೇನೆ.